ಅಮ್ಮಿಯ ಮುಖಕ್ಕೆ ಐದು ಅಡಿ

ಅಬ್ಬಾ ತೀರಿಕೊಂಡ ಮೇಲೆ ನಾವು ಮಕ್ಕಳು ಮೂವರೂ ಅವರದೊಂದು ಒಳ್ಳೆಯ ಫೋಟೋಗಾಗಿ ಮನೆಯೆಲ್ಲ ಹುಡುಕಿದೆವು. ಸಿಕ್ಕಿದ್ದು ಎರಡೇ, ಎರಡೂ ಗುರುತಿನ ಚೀಟಿಗಳಲ್ಲಿದ್ದವು. ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದರೆ ಮೂಗು ಮುಂದೆ ಬಂದು, ಕಿವಿಗಳು ಹಿಂದೆ ಸರಿದು, ಬೆದರಿದ ಕಣ್ಣಿನ ಯಾರೋ ಒಬ್ಬರು ನಮ್ಮನ್ನು ನೋಡುತ್ತಿದ್ದರು. "ಇವರು ಯಾರು?" ಎಂದು ಮನೆಯ ಕಿರಿಯ ಮಗು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿ ಊರಿಗೆಲ್ಲ ಪರಿಚಿತರಾಗಿದ್ದ ಅಬ್ಬಾ ಕ್ಯಾಮೆರಾದ ಎದುರು ಕೂತದ್ದು ಕಚೇರಿಯವರು ಕೇಳಿದಾಗ ಮಾತ್ರ. ಮನೆಗೆ ಬೇಕೆಂದು ನಾವೇ ಯಾವತ್ತೂ ಕೇಳಿರಲಿಲ್ಲ.

ಅಮ್ಮಿಯ ವಿಷಯದಲ್ಲಿ ಹಾಗಾಗಬಾರದು ಅಂದುಕೊಂಡೆವು. ಆದರೆ ಅಮ್ಮಿ ಒಪ್ಪಬೇಕಲ್ಲ? "ಹಜ್‌ಗೆ ಹೋಗುವಾಗ ಪಾಸ್‌ಪೋರ್ಟಿಗೆ ತೆಗೆಸಿದ್ದು ಇದೆಯಲ್ಲ, ಇನ್ನು ಕ್ಯಾಕು?" ಅಂದರು. ಫೋಟೋ ತೆಗೆಸುವುದು ಸರಿಯಲ್ಲವೆನ್ನುವ ಹಿರಿಯರು ನಮ್ಮ ನೆಂಟರಲ್ಲೂ ಇದ್ದಾರೆ. ಆದರೆ ಅಮ್ಮಿಯನ್ನು ತಡೆದದ್ದು ಆ ವಾದಕ್ಕಿಂತ ಹೆಚ್ಚಾಗಿ ಸಂಕೋಚ. ಪರಿಚಯವಿಲ್ಲದ ಗಂಡಸೊಬ್ಬ "ಗದ್ದ ಎತ್ತಿ, ಸೆರಗು ಸರಿಸಿ" ಎನ್ನುವ ಸ್ಟುಡಿಯೋಗೆ ಅವರು ಬರುವುದಿಲ್ಲ. ಇದು ಹೊಸ ಸಂಕೋಚವೇನೂ ಅಲ್ಲ. ಹೈದರಾಬಾದಿನ ನಿಜಾಮರ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಇದನ್ನು ಅರಿತೇ 1892ರಲ್ಲಿ ಪರದೆಯ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಇಂಗ್ಲಿಷ್ ಮಹಿಳೆಗೆ ವಹಿಸಿದ್ದರು.

ನಾವು ಮೊದಲು ಮೊಬೈಲ್‌ನಲ್ಲಿ ಪ್ರಯತ್ನಿಸಿದೆವು. ಅಮ್ಮಿ ನೋಡಿ, "ಇದು ನಾನಲ್ಲ" ಎಂದು ಬದಿಗಿಟ್ಟರು. ಅವರು ಹೇಳಿದ್ದು ನಿಜ. ಮೊಬೈಲಿನ ಲೆನ್ಸು ಅಗಲ ನೋಟದ್ದು. ಮುಖ ಮತ್ತು ಭುಜ ಮಾತ್ರ ಚೌಕಟ್ಟು ತುಂಬಬೇಕೆಂದರೆ ಒಂದೂವರೆ ಅಡಿ ಹತ್ತಿರ ಹೋಗಲೇಬೇಕು. ಮೂಗಿನ ತುದಿಯಿಂದ ಕಿವಿಗೆ ಸುಮಾರು 5 ಅಂಗುಲ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 18 ಅಂಗುಲ ದೂರದಲ್ಲಿದ್ದರೆ ಕಿವಿಯಿಂದ 23 ಅಂಗುಲ ದೂರದಲ್ಲಿರುತ್ತದೆ. ಹಾಗಾಗಿ ಕಿವಿಗೆ ಹೋಲಿಸಿದರೆ ಮೂಗು ಕಾಲುಭಾಗಕ್ಕಿಂತ ಹೆಚ್ಚು ಉಬ್ಬುತ್ತದೆ. ಅದೇ ಕ್ಯಾಮೆರಾ 5 ಅಡಿ ದೂರವಿದ್ದರೆ ಈ ಉಬ್ಬು ನೂರಕ್ಕೆ ಎಂಟರಷ್ಟು ಮಾತ್ರ. ಮುಖ ಕೆಡಿಸುವುದು ಲೆನ್ಸಲ್ಲ, ನಾವು ನಿಂತ ದೂರ. ಎಲ್ಲಿ ನಿಂತರೆ ಚೌಕಟ್ಟು ತುಂಬುತ್ತದೆ ಎಂಬುದನ್ನಷ್ಟೇ ಲೆನ್ಸು ಹೇಳುತ್ತದೆ. ಅಬ್ಬಾನ ಮೂಗಿಗೆ ಏನಾಗಿತ್ತೆಂದು ನಮಗೆ ಆಗ ಅರ್ಥವಾಯಿತು.

ತಂಗಿಯ ಮಗನ ಬಳಿ ಒಂದು ಡಿಎಸ್‌ಎಲ್‌ಆರ್ ಇದೆ, ಎಪಿಎಸ್-ಸಿ ಅನ್ನುವ ಸಣ್ಣ ಸೆನ್ಸರಿನದು. ಮದುವೆ ಫೋಟೋ ತೆಗೆಯುವ ಅವನ ಗೆಳೆಯನೊಬ್ಬ ಮೂರು ಲೆನ್ಸು ಎರವಲು ಕೊಟ್ಟ: 50 ಮಿ.ಮೀ., 85 ಮಿ.ಮೀ. ಮತ್ತು 70-300ರ ಜೂಮ್. ಯಾವುದು ಒಗ್ಗುತ್ತದೋ ಅದನ್ನು ಕೊಳ್ಳೋಣವೆಂದು, ರಂಜಾನ್ ಹಬ್ಬ ಕಳೆದ ಭಾನುವಾರ ಅಮ್ಮಿಯನ್ನೂ ಕೂರಿಸಿಕೊಂಡು ತ್ಯಾವರೆಕೊಪ್ಪಕ್ಕೆ ಹೊರಟೆವು. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ 10 ಕಿಲೋಮೀಟರಿನಷ್ಟು ದೂರ. ಫೋಟೋಗೆಂದು ಕರೆದರೆ ಅಮ್ಮಿ ಬರುತ್ತಿರಲಿಲ್ಲ, ಸಿಂಹ ನೋಡೋಣವೆಂದೆವು.

ಜೂಮ್ ಲೆನ್ಸಿನ ಶಕ್ತಿ ಅಲ್ಲಿ ಕಂಡಿತು. ಅದನ್ನು ತಂತಿ ಜಾಲರಿಗೆ ಹತ್ತಿರ ಹಿಡಿದು, ಅಪರ್ಚರ್ ಪೂರ್ತಿ ತೆರೆದು, ದೂರದಲ್ಲಿ ಮಲಗಿದ್ದ ಸಿಂಹದ ಕಣ್ಣಿಗೆ ಫೋಕಸ್ ಮಾಡಿದರೆ ಜಾಲರಿಯೇ ಕರಗಿಹೋಗಿತ್ತು. ಅಷ್ಟು ಚೆಂದದ ಚಿತ್ರ! ಅದೇ ಉಮೇದಿನಲ್ಲಿ ಅಮ್ಮಿಯನ್ನು ಮರದಡಿ ಬೆಂಚಿನ ಮೇಲೆ ಕೂರಿಸಿ, 200 ಮಿ.ಮೀ.ಗೆ ತಿರುಗಿಸಿ, 20 ಅಡಿ ಹಿಂದೆ ಸರಿದೆವು. ಅಮ್ಮಿ ಕೈ ಅಡ್ಡ ಹಿಡಿದು, "ಸಿಂಹಕ್ಕೆ ಗುರಿ ಇಟ್ಟಿದ್ದನ್ನು ನನಗೂ ಇಡ್ತೀರೇನು?" ಎಂದು ಗದರಿದರು. ಅಷ್ಟು ದೂರದಿಂದ ಮುಖವೂ ಚಪ್ಪಟೆಯಾಗಿ ಕಂಡಿತು.

ಮದುವೆ ಛಾಯಾಗ್ರಾಹಕರು ಮೆಚ್ಚುವ 85ಕ್ಕೆ 8 ಅಡಿ ಬೇಕಾಯಿತು. ಚಿತ್ರ ಚೆನ್ನಾಗಿಯೇ ಬಂತು. ಆದರೆ ಅಮ್ಮಿಗೆ ಈಗ ಕಿವಿ ಮಂದ. 8 ಅಡಿಯಿಂದ ಮಾತಾಡಿಸಿದರೆ "ಆಂ?" ಎಂದು ಹಣೆ ಗಂಟಿಕ್ಕುತ್ತಿದ್ದರು. ಅದಲ್ಲದೆ ನಮ್ಮ ಮನೆಯ ಜಗಲಿ ಇರುವುದೇ 6 ಅಡಿ ಅಗಲ.

ಕೊನೆಗೆ 50 ಹಾಕಿ 5 ಅಡಿಯಲ್ಲಿ ಮೊಣಕಾಲೂರಿ ಕೂತೆವು. ಅದು ಎದುರುಬದಿರು ಕೂತು ಚಹಾ ಕುಡಿಯುವ ದೂರ. ಈ ಸಫಾರಿ 1988ರಲ್ಲಿ ಶುರುವಾದ ಹೊಸತರಲ್ಲಿ ಅಬ್ಬಾ ನಮ್ಮನ್ನೆಲ್ಲ ಬಸ್ಸಿನಲ್ಲಿ ಇಲ್ಲಿಗೆ ಕರೆತಂದಿದ್ದರು. "ಆವತ್ತು ಏನಾಯ್ತು ಅಮ್ಮಿ?" ಎಂದು ಕೇಳಿದೆವು. "ಸಿಂಹ ಗರ್ಜಿಸಿತು. ನೀವು ಮಕ್ಕಳು ಚಪ್ಪಾಳೆ ಹೊಡೆದಿರಿ, ನಿಮ್ಮ ಅಬ್ಬಾ ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡರು" ಅಂದರು. ನಗು ತುಟಿಗೆ ಬಂದು, ಕಣ್ಣಿನಲ್ಲಿ ಬೇರೇನೋ ನಿಂತಿತು. ಹುಡುಗ ಕ್ಲಿಕ್ ಮಾಡಿದ.

ಮನೆಗೆ ಬಂದು ನೋಡಿದಾಗ ಇನ್ನೊಂದು ಸತ್ಯ ತಿಳಿಯಿತು. ಕ್ಯಾಮೆರಾ ಜೊತೆಗೇ ಬಂದಿದ್ದ 18-55ರ ಲೆನ್ಸನ್ನು 55ಕ್ಕೆ ತಿರುಗಿಸಿ ಅದೇ ದೂರದಲ್ಲಿ ಕೂತಿದ್ದರೂ ಮುಖದ ಆಕಾರ ಹೀಗೆಯೇ ಬರುತ್ತಿತ್ತು. ವ್ಯತ್ಯಾಸ ಬೆಳಕಿನದು. ಅದರ ಬಾಯಿ 55ರಲ್ಲಿ ಎಫ್ 5.6ರಷ್ಟೇ ತೆರೆಯುತ್ತದೆ. ಎಫ್ 1.8ರ ಲೆನ್ಸು ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಲೆನ್ಸು ರೂಪಿಸಿದ್ದೂ ಇದೇ ಕಾರಣಕ್ಕೆ. ಅದಕ್ಕೆ ಮೊದಲು ಜನ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಮಲೆನಾಡಿನ ಮಳೆಗಾಲದ ಮಬ್ಬಿನಲ್ಲಿ, ಫ್ಲ್ಯಾಶ್ ಹೊಡೆದರೆ ಕಣ್ಣು ಮುಚ್ಚುವ ಅಮ್ಮಿಗೆ ಆ ಬೆಳಕು ಬೇಕು. ಆದರೆ ಸದಾ 1.8ಕ್ಕೇ ತೆರೆಯಬಾರದು. 5 ಅಡಿಯಲ್ಲಿ ಆಗ ಎರಡು ಅಂಗುಲ ಚಿಲ್ಲರೆ ಆಳ ಮಾತ್ರ ಸ್ಪಷ್ಟ. ಕಣ್ಣು ಚೂಪಾದರೆ ಕಿವಿ ಮಸುಕು. ಬೆಳಕಿದ್ದಾಗ ಎಫ್ 4ಕ್ಕೆ ಇಟ್ಟರೆ ಮೂಗಿನಿಂದ ಕಿವಿಯವರೆಗೆ ಸುಕ್ಕೆಲ್ಲ ಸ್ಪಷ್ಟ. ಆ ಸುಕ್ಕುಗಳೂ ನಮಗೆ ಬೇಕು.

50ನ್ನೇ ಕೊಂಡೆವು, ಮೂರರಲ್ಲಿ ಅಗ್ಗದ್ದೂ ಅದೇ. ಅಮ್ಮಿ ಫೋಟೋವನ್ನು ಗೋಡೆಗೆ ಹಾಕುವುದು ಬೇಡವೆಂದು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಾರೆ. ನಾವೂ ಒತ್ತಾಯಿಸಲಿಲ್ಲ. ಇಡುವ ಮೊದಲು ಒಂದು ಮಾತು ಅಂದರು: "ಅವರು ಇದ್ದಾಗ ನಿಮಗೆ ಇದು ಹೊಳೆಯಲಿಲ್ಲವಲ್ಲ."

ಅದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಲೆನ್ಸು ಕೊಳ್ಳಲು ಹೊರಟ ಓದುಗರಿಗೆ ಇಷ್ಟೇ ಹೇಳಬಲ್ಲೆವು: ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ಜಗಲಿ ಎಷ್ಟು ಅಡಿ ಇದೆ ಎಂದು ಅಳೆಯಿರಿ. ಹಿರಿಯರನ್ನು ಅಲ್ಲಿ ಕೂರಿಸಿ, ಮಾತು ಕೇಳಿಸುವಷ್ಟು ಹತ್ತಿರ ನೀವೂ ಕೂರಿ. ಲೆನ್ಸು ಬರುವವರೆಗೆ ಕಾಯಲೂ ಬೇಡಿ.