ಹೊಸ ಬಾಗಿಲು, ಹಳೇ ದಾರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಅವರ ಕಾಲದಲ್ಲಿ ವೆಬ್‌ಸೈಟ್ ಇದ್ದಿದ್ದರೆ, ಅದನ್ನು ಬದಲಾಯಿಸಿ ನೋಡು ಎಂದು ಮೂರನೆಯದನ್ನೂ ಖಂಡಿತ ಸೇರಿಸುತ್ತಿದ್ದರು. ಮನೆ ಕಟ್ಟಿದರೆ ಸಾಲವಾಗುತ್ತದೆ, ಮದುವೆ ಮಾಡಿದರೆ ನೆಂಟರು ಮುನಿಸಿಕೊಳ್ಳುತ್ತಾರೆ. ವೆಬ್‌ಸೈಟ್ ಬದಲಾಯಿಸಿದರೆ ಎರಡೂ ಒಟ್ಟಿಗೇ ಆಗುತ್ತವೆ. ಇದು ನಾನು ಕೈಸುಟ್ಟುಕೊಂಡು ಕಲಿತ ಪಾಠ.

ಸಾಗರದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ನಾನೂ ನನ್ನ ವಾರಗಿತ್ತಿಯೂ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ವಾರಗಿತ್ತಿ ನನಗಿಂತ ಹಿರಿಯಳು, ಅಕ್ಕ ಎನ್ನುತ್ತೇನೆ. ಹಪ್ಪಳ ಒತ್ತಲು ಮೂವರು ಹೆಂಗಸರು ಬರುತ್ತಾರೆ. ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ರಜೆಯಲ್ಲಿ ಕೂತು ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಹಳದಿ ಬಣ್ಣದ ಪುಟ, ಮೇಲೆ ದೊಡ್ಡದಾಗಿ ಫೋನ್ ನಂಬರು, ಕೆಳಗೆ ಒಂದೊಂದು ತಿಂಡಿಗೂ ಒಂದೊಂದು ಪುಟ, ಬೆಲೆ, ಕರಿಯುವ ವಿಧಾನ. ಇಷ್ಟೇ. ಬೆಂಗಳೂರು, ಹುಬ್ಬಳ್ಳಿ, ಪುಣೆಯಿಂದ ಆರ್ಡರ್ ಬರುತ್ತಿದ್ದುದು ಆ ಹಳದಿ ಪುಟದಿಂದಲೇ.

2023ರ ಚಳಿಗಾಲದಲ್ಲಿ ಬೆಂಗಳೂರಿಗೆ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ಪರಿಚಯವಾದ ಒಬ್ಬಾಕೆ ತನ್ನ ಸೀರೆ ವ್ಯಾಪಾರದ ವೆಬ್‌ಸೈಟ್ ತೋರಿಸಿದಳು. ಏನು ಬಣ್ಣ, ಏನು ಬೆಡಗು! ನಮ್ಮದನ್ನು ತೋರಿಸಿ ಎಂದಾಗ ನಾನು ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿದೆ. ಊರಿಗೆ ಬಂದವಳೇ ಒಬ್ಬ ವೃತ್ತಿಪರರನ್ನು ಹಿಡಿದು, ಮುಂಗಡ ಕೊಟ್ಟು, ಹೊಸದು ಮಾಡಿಸಲು ಹೇಳಿದೆ. ಅಕ್ಕನಿಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅವಳು "ಚೆನ್ನಾಗಿದೆ ಮಾರಾಯ್ತಿ" ಅಂದಳು, ಹಿಟ್ಟು ನಾದುತ್ತಲೇ. ಅವಳ ಮಗನಿಗೆ ಯಾರೂ ಹೇಳಲಿಲ್ಲ.

2024ರ ಯುಗಾದಿಯ ದಿನ ಹೊಸ ವೆಬ್‌ಸೈಟ್ ತೆರೆಯಿತು. ತೆರೆದ ಕೂಡಲೇ ಮಂಜು ಕವಿದ ಅಡಿಕೆ ತೋಟದ ಚಿತ್ರ ನಿಧಾನವಾಗಿ ಸರಿಯುತ್ತದೆ. ನಮ್ಮವರು ನೋಡಿ, "ಹಪ್ಪಳ ಎಲ್ಲಿದೆ?" ಎಂದರು. ನಿಮಗೆ ರುಚಿ ಇಲ್ಲ ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ನೂರಾರು ಗಿರಾಕಿಗಳಿಗೂ ಅದೇ ಪ್ರಶ್ನೆ ಬಂದಿರಬೇಕು. ಅವರ ಬಾಯಿ ಮುಚ್ಚಿಸುವ ಅಗತ್ಯವೇ ಬೀಳಲಿಲ್ಲ, ಅವರು ಸುಮ್ಮನೆ ಹೊರಟುಹೋದರು.

ಮೊದಲ ವಾರ ಆರ್ಡರ್ ಬರಲಿಲ್ಲ. ಹಬ್ಬದ ಗಡಿಬಿಡಿ ಎಂದುಕೊಂಡೆ. ಎರಡನೇ ವಾರವೂ ಇಲ್ಲ. ಪರೀಕ್ಷೆ, ಬಿಸಿಲು, ಚುನಾವಣೆ ಎಂದು ದಿನಕ್ಕೊಂದು ಕಾರಣ ಹುಡುಕಿದೆ. ಹಲಸು ಬಲಿಯುವ ಕಾಲ, ವರ್ಷದ ದುಡಿಮೆಯೆಲ್ಲ ಆಗಬೇಕಾದ ಕಾಲ ಅದು. ಒತ್ತಿದ ಹಪ್ಪಳ ಡಬ್ಬಗಳಲ್ಲಿ ತುಂಬಿ ಉಳಿಯಿತು. ಹಪ್ಪಳ ಒತ್ತುವವರಲ್ಲಿ ಒಬ್ಬಾಕೆ, ಮಗಳನ್ನು ಶಿವಮೊಗ್ಗದ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿರುವವಳು, ಸಂಜೆ ಹೊರಡುವಾಗ "ಮುಂದಿನ ವಾರ ಬರಬೇಕಾ ಅಮ್ಮಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಕ್ಕ ಒಳಗಿನಿಂದಲೇ "ಬಾರೇ" ಎಂದಳು.

ಕೊನೆಗೆ ಹುಬ್ಬಳ್ಳಿಯ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. "ಏನ್ರೀ, ಹಪ್ಪಳ ಮಾಡೋದು ಬಿಟ್ರೇನು? ನಾ ಇಟ್ಕೊಂಡಿದ್ದ ಲಿಂಕ್ ಒತ್ತಿದ್ರ ಪುಟಾನೇ ಇಲ್ಲ ಅಂತ ಬರ್ತದ." ಅವತ್ತು ರಾತ್ರಿ ಮಾನ ಬಿಟ್ಟು ಅಕ್ಕನ ಮಗನಿಗೆ ಫೋನ್ ಮಾಡಿದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಹುಡುಗ "ನೋಡ್ತೀನಿ ಚಿಕ್ಕಮ್ಮ" ಎಂದ, ಶನಿವಾರ ಬಸ್ಸು ಹತ್ತಿ ಬಂದೇಬಿಟ್ಟ.

ಅವನು ಒಂದೊಂದೇ ಬಿಡಿಸಿ ಹೇಳಿದ. ಹಳೆಯ ಪುಟಗಳ ವಿಳಾಸವೆಲ್ಲ ಹೊಸದರಲ್ಲಿ ಬದಲಾಗಿದ್ದವು. ಮನೆ ಬದಲಿಸಿದವರು ಅಂಚೆಯವನಿಗೆ ಹೊಸ ವಿಳಾಸ ಕೊಡುವಂತೆ, ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು ಮಾಡಬೇಕಿತ್ತು. ಅದಕ್ಕೆ 301 ರೀಡೈರೆಕ್ಟ್ ಎನ್ನುತ್ತಾರಂತೆ. ಯಾರೂ ಮಾಡಿರಲಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ಕೆಲಸ ನಡೆಯುವಾಗ ಅರೆಬರೆ ಪುಟ ಯಾರ ಕಣ್ಣಿಗೂ ಬೀಳದಿರಲಿ ಎಂದು, ಗೂಗಲ್‌ಗೆ "ಇದನ್ನು ಪಟ್ಟಿಗೆ ಸೇರಿಸಬೇಡ" ಎಂಬ ಸೂಚನೆಯನ್ನು ಒಳಗೆ ಬರೆದಿಡುತ್ತಾರೆ. ನೋಇಂಡೆಕ್ಸ್ ಎಂದು ಅದರ ಹೆಸರು. ಕೆಲಸ ಮುಗಿದ ಮೇಲೆ ತೆಗೆಯಬೇಕು. ನಮ್ಮದರಲ್ಲಿ ಹಾಗೇ ಉಳಿದಿತ್ತು. ಅಂಗಡಿ ತೆರೆದು ತೋರಣ ಕಟ್ಟಿ, ಬಾಗಿಲಲ್ಲಿ "ಒಳಗೆ ಪ್ರವೇಶವಿಲ್ಲ" ಎಂಬ ಬೋರ್ಡನ್ನೂ ನೇತುಹಾಕಿ ಕೂತಿದ್ದೆವು.

ಮೂರನೆಯದರಲ್ಲಿ ನನ್ನ ಪಾಲೂ ಇತ್ತು. ನಾನು ವಿವರಗಳನ್ನು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದೆ. ಯೂನಿಕೋಡ್ ಅಲ್ಲದ್ದರಿಂದ ಪುಟದಲ್ಲಿ ಅದು ಗೀಚಿದಂತೆ ಕಂಡಿತು. ಅದಕ್ಕೆ ಅವರು ಕನ್ನಡವನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದರು. ನೋಡಲು ಅಂದ. ಆದರೆ ಚಿತ್ರದೊಳಗಿನ ಅಕ್ಷರ ಪುಟದ ಬರಹವಾಗುವುದಿಲ್ಲ. ಬೆಂಗಳೂರಿನಲ್ಲಿ ಯಾರಾದರೂ "ಹಲಸಿನ ಹಪ್ಪಳ" ಎಂದು ಹುಡುಕಿದರೆ, ಆ ಎರಡು ಶಬ್ದ ನಮ್ಮ ಪುಟದಲ್ಲಿ ಎಲ್ಲೂ ಇರಲೇ ಇಲ್ಲ! ಮೇಲಾಗಿ ಆ ಮಂಜಿನ ಚಿತ್ರದ ಭಾರಕ್ಕೆ, ಸಾಧಾರಣ ಮೊಬೈಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ಒಂದು ಬಾಣಲೆ ಹಪ್ಪಳ ಕರಿದು ಮುಗಿಸಬಹುದಿತ್ತು.

ಕೊನೆಗೆ ಆರ್ಡರ್ ಫಾರಂ ತುಂಬಿ ನೋಡಿದ. ಅದು ನಮಗೆ ಬರಲೇ ಇಲ್ಲ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಯಾವುದೋ ಮೇಲ್ ವಿಳಾಸಕ್ಕೆ ಹೋಗುತ್ತಿತ್ತು. ತೆಗೆಸಿ ನೋಡಿದರೆ ಅಲ್ಲಿ 27 ಆರ್ಡರ್ ಕೂತಿದ್ದವು. ಒಬ್ಬರು "ಮಗಳ ಸೀಮಂತಕ್ಕೆ ಬೇಕು, ದಯವಿಟ್ಟು ಬೇಗ ಕಳಿಸಿ" ಎಂದು ಬರೆದಿದ್ದರು. ಸೀಮಂತ ಮುಗಿದು ಹತ್ತು ದಿನವಾಗಿತ್ತು. ಎಲ್ಲರಿಗೂ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ತಾಯಿ ಮಾತ್ರ, "ಅಂಗಡಿ ಹಪ್ಪಳ ಕರಿದು ಬಡಿಸಿದೆವು ಬಿಡಿ" ಎಂದು ಫೋನ್ ಇಟ್ಟರು. ಅದು ಇವತ್ತಿಗೂ ಚುಚ್ಚುತ್ತದೆ.

ನನ್ನ ಮುಖ ನೋಡಿ ಹುಡುಗ ಸಮಾಧಾನ ಹೇಳಿದ. ಬ್ರಿಟನ್ನಿನ ದೊಡ್ಡ ವ್ಯಾಪಾರಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ 2014ರಲ್ಲಿ 15 ಕೋಟಿ ಪೌಂಡು ಸುರಿದು ವೆಬ್‌ಸೈಟ್ ಹೊಸದು ಮಾಡಿತಂತೆ. ಹಳೇ ಗಿರಾಕಿಗಳೆಲ್ಲ ಮತ್ತೆ ಹೊಸದಾಗಿ ಹೆಸರು ನೋಂದಾಯಿಸಬೇಕಾಯಿತು. ಆ ಬೇಸಿಗೆಯ ತ್ರೈಮಾಸಿಕದಲ್ಲಿ ಅವರ ಆನ್‌ಲೈನ್ ಮಾರಾಟ ಶೇ. 8.1ರಷ್ಟು ಇಳಿಯಿತು. ಅವರಿಗೆ ಶೇ. 8, ನಮಗೆ ನೂರಕ್ಕೆ ನೂರು. ಆದರೂ ಸ್ವಲ್ಪ ಉಸಿರು ಬಂತು.

ಸಿಟ್ಟಿನಲ್ಲಿ ನಾನು ಹಳದಿಯದನ್ನೇ ಮತ್ತೆ ಹಾಕಿಬಿಡು ಎಂದೆ. ಅವನು ಒಪ್ಪಲಿಲ್ಲ, ಪದೇ ಪದೇ ಮನೆ ಬದಲಾಯಿಸಿದರೆ ಬರುವವರಿಗೆ ಇನ್ನೂ ಗೊಂದಲ ಎಂದ. ಫೋನ್ ನಂಬರು, ಬೆಲೆ ಮೇಲಕ್ಕೆ ಬಂದವು. ಆರ್ಡರ್ ನಮ್ಮ ಮೇಲ್‌ಗೇ ಬರುವಂತಾಯಿತು. ಆ ನೋಇಂಡೆಕ್ಸ್ ಬೋರ್ಡನ್ನು ಕಿತ್ತ. ಕನ್ನಡವನ್ನು ಯೂನಿಕೋಡಿನಲ್ಲಿ ನಾನೇ ಕೂತು ಟೈಪ್ ಮಾಡಿದೆ. ಹಳೇ ಪುಟಗಳ ಪ್ರತಿಯನ್ನು ನಾನು ಉಳಿಸಿರಲಿಲ್ಲ. ಜಗತ್ತಿನ ವೆಬ್‌ಸೈಟುಗಳ ಹಳೇ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಅಮೆರಿಕದಲ್ಲಿದೆ. ಅದರ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದಾಗ, ನನಗೆ ನಾಚಿಕೆಯಾಗಿದ್ದ ಆ ಹಳದಿ ಪುಟಗಳು ಸಿಕ್ಕವು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಇನ್ನಷ್ಟು ಹಳೇ ವಿಳಾಸ ಸಿಕ್ಕವು. ಒಂದೊಂದನ್ನೂ ಸರಿಯಾದ ಹೊಸ ಪುಟಕ್ಕೆ ಜೋಡಿಸಿದ. ಎಲ್ಲವನ್ನೂ ಮುಖಪುಟಕ್ಕೆ ತಂದುಬಿಡಬಾರದಂತೆ, ಮಿಡಿ ಕೇಳಿ ಬಂದವರನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋದ ಹಾಗೆ. ಈ ಏರ್ಪಾಡನ್ನು ಕನಿಷ್ಠ 1 ವರ್ಷವಾದರೂ ಇಡಿ ಎಂದು ಗೂಗಲ್ ಹೇಳುತ್ತದೆ. ನಾವು ತೆಗೆಯುವುದೇ ಇಲ್ಲ ಎಂದು ತೀರ್ಮಾನಿಸಿದ್ದೇವೆ.

ಆರ್ಡರ್ ಒಮ್ಮೆಲೇ ಬರಲಿಲ್ಲ. ಮಳೆಗಾಲ ಪೂರ್ತಿ ಒಂದೆರಡು, ಒಂದೆರಡು. ದೀಪಾವಳಿಯ ಹೊತ್ತಿಗೆ ಡಬ್ಬಗಳು ಖಾಲಿಯಾದವು. ಅಲ್ಲಿಯವರೆಗೆ ಮೂವರ ಕೂಲಿಯನ್ನು ಅಕ್ಕ ತನ್ನ ಉಳಿತಾಯದಿಂದ ಕೊಟ್ಟಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ.

ಸಣ್ಣ ವ್ಯಾಪಾರ ಮಾಡುವ ಅಕ್ಕತಂಗಿಯರು ಕೇಳಿದರೆ ನಾನು ಹೇಳುವುದು ಇಷ್ಟು. ಬದಲಾಯಿಸುವ ಮೊದಲು ಹಳೆಯದರ ಪ್ರತಿ ಇಟ್ಟುಕೊಳ್ಳಿ, ಪುಟಗಳ ವಿಳಾಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸುಗ್ಗಿಯ ಕಾಲದಲ್ಲಿ ಕೈಹಾಕಬೇಡಿ. ತೆರೆದ ದಿನವೇ ಮನೆಯ ಅತಿ ಹಳೇ ಮೊಬೈಲಿನಿಂದ ನೀವೇ ಒಂದು ಆರ್ಡರ್ ಹಾಕಿ, ಅದು ನಿಮ್ಮ ಕೈಗೆ ಬಂತೇ ನೋಡಿ. ಎಲ್ಲಕ್ಕಿಂತ ಮೊದಲು, ಅದನ್ನು ಬಳಸುವ ನಾಲ್ಕು ಜನರನ್ನು ಕೇಳಿ. ಸೊಸೆ ಬಂದವಳೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಅದಲುಬದಲು ಮಾಡಿದರೆ ಅತ್ತೆಗೆ ಸಾಸಿವೆ ಸಿಗುತ್ತದೆಯೇ? ಡಬ್ಬ ಎಷ್ಟೇ ಚೆಂದವಿರಲಿ, ಒಗ್ಗರಣೆ ಸೀದುಹೋಗುತ್ತದೆ.

ಮೊನ್ನೆ ಹುಡುಗ ಫೋನ್ ಮಾಡಿ, "ಚಿಕ್ಕಮ್ಮ, ಆ ತೋಟದ ಚಿತ್ರ ತೆಗೆದು ಹಪ್ಪಳದ್ದೇ ಹಾಕೋಣವಾ?" ಎಂದು ಕೇಳಿದ. "ಇರು, ಅಕ್ಕನ್ನ ಕೇಳಿ ಹೇಳ್ತೇನೆ" ಎಂದು ಫೋನ್ ಹಿಡಿದುಕೊಂಡೇ ಹಿಂದಿನ ಜಗಲಿಗೆ ಹೋದೆ.