ಸಕ್ಕರೆಯ ಕುದುರೆ, ಹಿಟ್ಟಿನ ಕೋಳಿ

ಗೃಹಸ್ಥನ ಅಹಿಂಸಾಣುವ್ರತಕ್ಕೆ ನಿತ್ಯವೂ ಪರೀಕ್ಷೆ ಒದಗುವ ಸ್ಥಳಗಳು ಎರಡು: ಅಡಿಗೆಮನೆ ಮತ್ತು ಅಂಗಡಿ. ದಶಲಕ್ಷಣ ಪರ್ವದ ಸ್ವಾಧ್ಯಾಯಗಳಲ್ಲಿ ಈ ಮಾತನ್ನು ನಾನು ಅನೇಕ ಬಾರಿ ಹೇಳಿದ್ದೇನೆ. ಶ್ರೋತೃಗಳು ತಲೆದೂಗಿದ್ದಾರೆ, ನಾನೂ ಸಂತೋಷದಿಂದ ಮನೆಗೆ ಮರಳಿದ್ದೇನೆ. ಆದರೆ ಕಳೆದ ಡಿಸೆಂಬರಿನಲ್ಲಿ ಹದಿನೇಳು ವರ್ಷದ ನನ್ನ ಮೊಮ್ಮಗಳು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಗತಿಯನ್ನು ಶ್ರಾವಕ ಬಂಧುಗಳ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಶ್ರೀರಾಮನಗರವು ಗಂಗಾವತಿ ತಾಲೂಕಿನ ಭತ್ತದ ಸೀಮೆಯ ಊರು. 1953ರ ನಂತರ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಆಂಧ್ರದಿಂದ ಬಂದ ರೈತರು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಬಿ.ಕಾಂ. ಮುಗಿಸಿ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತ ನನಗೆ ಕನ್ನಡ, ತೆಲುಗು ಎರಡೂ ವ್ಯಾಪಾರದ ಭಾಷೆಗಳಾದವು. ಚಳಿಗಾಲವೆಂದರೆ ನಮ್ಮ ಅಂಗಡಿಗೆ ಸಿಹಿಯ ಕಾಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಗೊಂಬೆಗಳು, ಸಂಕ್ರಾಂತಿಗೆ ಎಳ್ಳು, ಕುಸುರೆಳ್ಳು, ತೆಲುಗು ಮನೆಗಳ ಅರಿಸೆಗೆ ಬೆಲ್ಲ. ಕಾರ್ತಿಕದಿಂದ ಪುಷ್ಯದವರೆಗೆ ತಕ್ಕಡಿಗೆ ಬಿಡುವಿರುವುದಿಲ್ಲ.

ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ಕ್ರಿಸ್‌ಮಸ್ ರಜೆಗೆ ಬಂದವಳು, ಹೊಸ ವರ್ಷಕ್ಕೆ ಗೆಳತಿಯರಿಗೂ ನೆರೆಹೊರೆಯವರಿಗೂ ಹಂಚಲು ಮ್ಯಾಕರಾನ್ ಎಂಬ ತಿನಿಸನ್ನು ಮಾಡುವುದಾಗಿ ಹೇಳಿದಳು. ಅದು ಬಾದಾಮಿಯ ಹಿಟ್ಟು ಮತ್ತು ಸಕ್ಕರೆಯನ್ನು ನೊರೆಯಲ್ಲಿ ಕಲಸಿ ಸುಟ್ಟ ಎರಡು ಪುಟ್ಟ ಬಿಲ್ಲೆಗಳ ನಡುವೆ ಹೂರಣವಿಟ್ಟು ಮಾಡುವ ಫ್ರಾನ್ಸ್ ದೇಶದ ಮಿಠಾಯಿ. ಅಲ್ಲಿಯ ನಾನ್ಸಿ ಎಂಬ ಪಟ್ಟಣದಲ್ಲಿ, 1790ರ ದಶಕದ ಕ್ರಾಂತಿಕಾಲದಲ್ಲಿ ಮಠಗಳು ಮುಚ್ಚಿದಾಗ ಇಬ್ಬರು ಸನ್ಯಾಸಿನಿಯರು ಬಾದಾಮಿಯ ಮ್ಯಾಕರಾನ್ ಮಾರಿ ಜೀವನ ಸಾಗಿಸಿದರೆಂದು ಪ್ರತೀತಿ ಇದೆ. ಎರಡು ಬಿಲ್ಲೆಗಳನ್ನು ಜೋಡಿಸುವ ಇಂದಿನ ರೂಪ ಇಪ್ಪತ್ತನೆಯ ಶತಮಾನದ ಪ್ಯಾರಿಸ್ ನಗರದ್ದು. ನಮ್ಮ ನೆರೆಯ ತಮಿಳುನಾಡಿನ ತೂತುಕುಡಿಯಲ್ಲಿ ಬಾದಾಮಿಯ ಬದಲು ಗೋಡಂಬಿ ಹಾಕಿ ಮಾಡುವ ಮ್ಯಾಕರೂನ್ ಇದರ ದೂರದ ಬಂಧು. ಎಲ್ಲಕ್ಕೂ ಜೀವಾಳವಾದ ನೊರೆ ಮಾತ್ರ ಒಂದೇ: ಕೋಳಿಮೊಟ್ಟೆಯ ಬಿಳಿ.

ನಮ್ಮ ಮನೆಯ ಮಗುವಿಗೆ ಮೊಟ್ಟೆಯ ನಿಷೇಧವನ್ನು ಹೇಳಿಕೊಡಬೇಕಾಗಿರಲಿಲ್ಲ. ಮಾರುಕಟ್ಟೆಯ ಮೊಟ್ಟೆಯಲ್ಲಿ ಮರಿಯಾಗುವ ಜೀವವಿಲ್ಲವಲ್ಲ ಎಂದು ಸಹಪಾಠಿಗಳು ವಾದಿಸುತ್ತಾರೆಂದು ಅವಳೇ ಹೇಳಿ, ಅದಕ್ಕೆ ತಾನು ಕೊಡುವ ಉತ್ತರವನ್ನೂ ಹೇಳಿದಳು. ಮೊಟ್ಟೆಯಿಡುವ ತಳಿಯ ಕೋಳಿಗಳಲ್ಲಿ ಹುಟ್ಟುವ ಗಂಡು ಮರಿಗಳು ವ್ಯಾಪಾರಕ್ಕೆ ನಿರುಪಯೋಗಿ; ಅವನ್ನು ಹುಟ್ಟಿದ ದಿನವೇ ಕೊಲ್ಲುವುದು ಲೋಕದ ಅನೇಕ ಕಡೆ ರೂಢಿ. ಮೊಟ್ಟೆಯ ಬೆಲೆಯಲ್ಲಿ ಆ ಲೆಕ್ಕವೂ ಸೇರಿದೆ. ಈ ಉತ್ತರವನ್ನು ಕೇಳಿ ನನಗೆ ಹೆಮ್ಮೆಯಾಯಿತು.

ಹಾಗಾದರೆ ನೊರೆ ಎಲ್ಲಿಂದ? ಕಾಬೂಲಿ ಕಡಲೆ ಬೇಯಿಸಿದ ನೀರಿನಿಂದ ಎಂದಳು. 2014ರಲ್ಲಿ ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಗಾಯಕ ಕಾಳು ಬೇಯಿಸಿದ ನೀರು ಕಡೆದರೆ ಮೊಟ್ಟೆಯಂತೆಯೇ ನೊರೆಗಟ್ಟುವುದನ್ನು ಗುರುತಿಸಿದನಂತೆ. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಎಂಬುವನು ಅದಕ್ಕೆ ಲ್ಯಾಟಿನ್ ಭಾಷೆಯ ನೀರು, ಕಾಳು ಎಂಬ ಪದಗಳನ್ನು ಕೂಡಿಸಿ ಅಕ್ವಾಫಾಬಾ ಎಂದು ಹೆಸರಿಟ್ಟನು. ಕಾಳಿನಿಂದ ನೀರಿಗಿಳಿದ ಸಸಾರಜನಕ ಮತ್ತು ಪಿಷ್ಟ ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತವೆ. ಒಂದು ಮೊಟ್ಟೆಯ ಬಿಳಿಗೆ ಎರಡು ದೊಡ್ಡ ಚಮಚ ಕಟ್ಟು ಸಾಕು. ನಮ್ಮ ಮನೆಗಳಲ್ಲಿ ಕಟ್ಟಿನ ಸಾರು ಮಾಡುವವರಿಗೆ ಈ ನೊರೆ ಹೊಸತೇನಲ್ಲ. ಅದನ್ನು ನಾವು ಸೌಟಿನಿಂದ ತೆಗೆದು ಚೆಲ್ಲುತ್ತ ಬಂದೆವು, ಅಷ್ಟೇ.

ಇಷ್ಟಕ್ಕೆ ಅಡಿಗೆ ಶುದ್ಧವಾಯಿತೆಂದು ನಾನು ತಿಳಿದಿದ್ದೆ. ನಮ್ಮ ಮನೆಯವರು ಅಷ್ಟು ಬೇಗ ಒಪ್ಪಲಿಲ್ಲ. ಕಡಲೆ ದ್ವಿದಳ; ಅದರೊಂದಿಗೆ ಮೊಸರು, ಹಸಿ ಹಾಲಿನ ಕೆನೆ ಕೂಡದು. ಆದುದರಿಂದ ಕೆನೆಯ ಹೂರಣ ಹೋಗಿ ಗೋಡಂಬಿ, ಒಣಕೊಬ್ಬರಿ, ಏಲಕ್ಕಿಯ ಹೂರಣ ಬಂದಿತು. ಕಟ್ಟನ್ನು ರಾತ್ರಿ ಶೀತಪೆಟ್ಟಿಗೆಯಲ್ಲಿಟ್ಟು ಮರುದಿನ ಕಡೆಯಬೇಕೆಂಬ ವಿಧಾನವನ್ನೂ ಅವರು ಒಪ್ಪಲಿಲ್ಲ. ಹಿಟ್ಟಿಗೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನದ ಮರ್ಯಾದೆ ಪಾಲಿಸುವ ಮನೆಯಲ್ಲಿ ಬಾದಾಮಿಯನ್ನೂ ಅಂದೇ ಬೀಸಬೇಕಾಯಿತು. ಬೆಳಿಗ್ಗೆ ಬೇಯಿಸಿ, ಕಟ್ಟನ್ನು ಕುದಿಸಿ ಅರ್ಧಕ್ಕಿಳಿಸಿ, ಆರಿಸಿ, ಸೂರ್ಯಾಸ್ತದೊಳಗೆ ಎಲ್ಲವನ್ನೂ ಮುಗಿಸಬೇಕೆಂದು ನಿಶ್ಚಯವಾಯಿತು.

ಮೊದಲ ಸರದಿಯ ಬಿಲ್ಲೆಗಳು ಒಡೆದವು. ಎರಡನೆಯವು ಹಪ್ಪಳದಂತೆ ಹರಡಿಕೊಂಡವು. ಹಿಟ್ಟನ್ನು ಹಾಳೆಯ ಮೇಲೆ ಬಿಟ್ಟ ತರುವಾಯ ಮೇಲ್ಪದರ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಅವಸರದಲ್ಲಿ ಅವಳು ಕಾದಿರಲಿಲ್ಲ. ಆಗ ನನಗೆ ನನ್ನ ತಾಯಿಯವರ ಕುಸುರೆಳ್ಳು ನೆನಪಾಯಿತು. ಅವರು ಮಂದವಾದ ಕೆಂಡದ ಮೇಲೆ ಹಿತ್ತಾಳೆಯ ಪರಾತವಿಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚಮಚದಿಂದ ಹನಿಹನಿಯಾಗಿ ಬಿಡುತ್ತ, ಬೆರಳ ತುದಿಯಿಂದ ಆಡಿಸುತ್ತ ದಿನಗಟ್ಟಲೆ ಕುಳಿತಿರುತ್ತಿದ್ದರು. ಒಂದು ಹನಿ ಒಣಗುವ ಮೊದಲು ಇನ್ನೊಂದು ಹನಿ ಬಿದ್ದರೆ ಮುಳ್ಳು ಏಳುವುದಿಲ್ಲ. ಎರಡು ತಿನಿಸುಗಳೂ ಒಣ ಚಳಿಯ ಗಾಳಿಯನ್ನು ಬೇಡುತ್ತವೆ. ಎರಡೂ ಅವಸರವನ್ನು ಸಹಿಸುವುದಿಲ್ಲ. ಮೂರನೆಯ ಸರದಿಯಲ್ಲಿ ಮೊಮ್ಮಗಳು ಒಂದು ಗಂಟೆ ಕಾದಳು. ಬಿಲ್ಲೆಗಳು ಅಂಚಿನಲ್ಲಿ ನಿರಿಗೆಗಟ್ಟಿ ಮೇಲೆದ್ದವು. ಮನೆಯೆಲ್ಲ ಹಬ್ಬವಾಯಿತು.

ಬಳಿಕ ಅಲಂಕಾರದ ಕೆಲಸ. ಸಂಬಂಧಿಕರೊಬ್ಬರು ಹೊರದೇಶದಿಂದ ತಂದಿದ್ದ ಕೆಂಪು ಬಣ್ಣದ ಸೀಸೆಯ ಮೇಲೆ 120 ಎಂಬ ಅಂಕಿಯಿತ್ತು. ಅಂಗಡಿಯವನಾದ ನನಗೆ ಆ ಅಂಕಿಯ ಅರ್ಥ ಗೊತ್ತು. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆಯುವ ಬಣ್ಣ. ಒಂದು ಪೌಂಡಿಗೆ ಸುಮಾರು 70,000 ಕೀಟಗಳು ಬೇಕೆಂದು ಲೆಕ್ಕ ಹೇಳುತ್ತಾರೆ. ಬೀಟ್‌ರೂಟಿನ ಬಣ್ಣವಾಗಬಹುದೇ ಎಂದರೆ ಅದು ಕಂದಮೂಲ. ಕೊನೆಗೆ ನಮ್ಮ ಕುಷ್ಟಗಿ ಸೀಮೆಯ ದಾಳಿಂಬೆಯ ರಸವನ್ನು ಕುದಿಸಿ ಮಂದಗೊಳಿಸಿ, ಸುಟ್ಟ ಬಿಲ್ಲೆಗಳ ಮೇಲೆ ಕುಂಚದಿಂದ ಎಳೆದೆವು, ಹಳದಿಗೆ ಕೇಸರಿ. ನಾನು ಕನ್ನಡಕ ಹಾಕಿಕೊಂಡು ಸೀಸೆ ಓದಿದ್ದಕ್ಕೆ ಎಲ್ಲರಿಂದ ಪ್ರಶಂಸೆ ದೊರೆಯಿತು. ಆ ಪ್ರಶಂಸೆ ಬಹಳ ಹೊತ್ತು ಬಾಳಲಿಲ್ಲ.

ನಕ್ಷತ್ರ, ಗಂಟೆ, ಹೂವುಗಳನ್ನು ಬರೆದ ಮೊಮ್ಮಗಳು ಒಂದು ಹಳದಿ ಬಿಲ್ಲೆಗೆ ಕೊಕ್ಕು ಬರೆದು, ಕಣ್ಣಿಡಲು ಕುಂಚವೆತ್ತಿದಳು. ಅದು ಕೋಳಿಮರಿ. ನಾನು ಕೈ ಹಿಡಿದು, “ಬ್ಯಾಡವ್ವಾ, ಕಣ್ಣಿಡಬ್ಯಾಡ. ಜೀವದ ಆಕಾರ ಮಾಡಿ ತಿನ್ನಬಾರದು” ಎಂದೆನು. ಏಕೆಂದು ಕೇಳಿದಾಗ ಯಶೋಧರ ಮಹಾರಾಜನ ಕಥೆಯನ್ನು ಹೇಳಿದೆನು.

ಸೋಮದೇವಸೂರಿಯು 959ರಲ್ಲಿ ಸಂಸ್ಕೃತದ ಯಶಸ್ತಿಲಕ ಚಂಪುವಿನಲ್ಲಿಯೂ ಜನ್ನನು 1209ರಲ್ಲಿ ಕನ್ನಡದ ಯಶೋಧರ ಚರಿತೆಯಲ್ಲಿಯೂ ಹೇಳಿದ ಕಥೆ ವಾಚಕರಿಗೆ ತಿಳಿದದ್ದೇ. ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಕೊಡೆಂದು ತಾಯಿ ಒತ್ತಾಯಿಸುತ್ತಾಳೆ. ರಾಜನು ಒಪ್ಪುವುದಿಲ್ಲ, ತಾಯಿಯ ಮಾತನ್ನು ಮೀರಲೂ ಆಗದೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜನ್ನನ ಕಾವ್ಯದಲ್ಲಿ ಆ ಕೋಳಿಯ ಚಿತ್ರದ ಚೆಲುವಿಗೆ ಸೋತು ಬೆಂತರವೊಂದು ಅದರೊಳಗೆ ಸೇರುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಕ್ ಜನ್ಮಗಳಲ್ಲಿ ತೊಳಲುತ್ತಾರೆ. ಸತ್ತ ಜೀವ ಒಂದೂ ಇಲ್ಲ, ಕೊಲ್ಲುವ ಭಾವವಿತ್ತು. ಆದುದರಿಂದಲೇ ಪ್ರಾಣಿಯ ಆಕಾರದ ತಿನಿಸುಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕೊಡುವುದಿಲ್ಲ.

ಮೊಮ್ಮಗಳು ಕುಂಚವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅಜ್ಜಾ, ಅಂಗಡಿಯ ಡಬ್ಬಿಯಲ್ಲಿ ಸಕ್ಕರೆ ಕುದುರೆ, ಗಿಳಿ, ಕೋಳಿ ಇನ್ನೂ ಉಳಿದಿವೆಯಲ್ಲ. ನಾವು ತಿನ್ನಬಾರದ್ದನ್ನ ಮಾರಬಹುದಾ?”

ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯಲ್ಲಿ ಉಳಿದ ಗೊಂಬೆಗಳು ಅವು. ಮರದ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಬಿಳಿ, ಗುಲಾಬಿ, ಹಳದಿ ಬಣ್ಣದ ಆನೆ, ಕುದುರೆ, ನವಿಲು. ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಅವರ ಹಬ್ಬದ ಸಂಭ್ರಮವನ್ನು ದೂಷಿಸುವ ಉದ್ದೇಶ ನನಗೆ ಇಲ್ಲ. ಆರತಿಯ ಆನೆ ಕುದುರೆ ಅವರಿಗೆ ಮಂಗಳದ ಗುರುತು. ಪ್ರಶ್ನೆ ನನ್ನನ್ನು ಕುರಿತದ್ದು. ಮನೆಯಲ್ಲಿ ಮಕ್ಕಳ ಕೈಯಿಂದ ತೆಗೆದಿಟ್ಟ ಗೊಂಬೆಯನ್ನು ನಾನು ನಾಲ್ಕು ದಶಕ ತೂಕಮಾಡಿ ಮಾರಿದ್ದೆ. “ಮೊದಲ ತಲೀ ಮುರೀತೀನಿ” ಎಂದು ಒಂದು ಮಗು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕುದುರೆಯನ್ನು ಕಡಿದದ್ದನ್ನು ನೋಡಿ ನಕ್ಕದ್ದೂ ನೆನಪಾಯಿತು.

ಆ ರಾತ್ರಿ ತತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ತೆರೆದೆನು. ಜೀವವನ್ನು ಆಶ್ರಯಿಸಿದ ಆಸ್ರವಕ್ಕೆ ಅಲ್ಲಿ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ಮಾತು, ಕಾಯ ಎಂದು ಮೂರು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ 108. ವಾಣಿಜ್ಯ ಓದಿದ ನನಗೆ ಈ ಗುಣಾಕಾರ ಕಂಠಸ್ಥ. ಎಷ್ಟೋ ಸಭೆಗಳಲ್ಲಿ ಒಪ್ಪಿಸಿದ್ದೇನೆ. ಆದರೆ ನನ್ನ ಖಾತೆಯಲ್ಲಿ ನಾನು ‘ತಾನು ಮಾಡುವುದು’ ಎಂಬ ಒಂದೇ ಕಲಮನ್ನು ಬರೆದಿಟ್ಟು, ಮಾಡಿಸುವುದು ಮತ್ತು ಅನುಮೋದಿಸುವುದು ಎಂಬ ಎರಡನ್ನು ಬಿಟ್ಟುಬಿಟ್ಟಿದ್ದೆ. ಕಷಾಯಗಳಲ್ಲಿ ಕೊನೆಯದಾದ ಲೋಭವನ್ನು ‘ಹಬ್ಬದ ವ್ಯಾಪಾರ’ ಎಂಬ ಬೇರೆ ತಲೆಬರಹದಲ್ಲಿ ಜಮಾ ಮಾಡಿದ್ದೆ. ಸೀಸೆಯ ಅಂಕಿ ಓದಬಲ್ಲವನು ತನ್ನ ಡಬ್ಬಿಯನ್ನು ನೋಡಿರಲಿಲ್ಲ.

ಮರುದಿನ ಮಗನೊಡನೆ ಮಾತಾಡಿದೆನು. ಅವನು ಸ್ಪಷ್ಟವಾಗಿ ಹೇಳಿದ: “ಅಪ್ಪಾಜಿ, ನಾವು ಬಿಟ್ರ ಬಾಜೂ ಅಂಗಡಿಯವರು ಮಾರ್ತಾರ. ನಮ್ಮ ಗಿರಾಕಿ ಹೋಗ್ತಾರ, ಅಷ್ಟ.” ಅವನ ಮಾತು ಸುಳ್ಳಲ್ಲ. ಆದರೂ ಡಬ್ಬಿಯಲ್ಲಿ ಉಳಿದ ಗೊಂಬೆಗಳನ್ನು ನೀರಿನಲ್ಲಿ ಕರಗಿಸಿದೆವು. ಮುಂದಿನ ಹುಣ್ಣಿಮೆಗೆ ತೇರು, ಗೋಪುರ, ತುಳಸಿಕಟ್ಟೆ, ಕಮಲ, ಬಾಳೆಗೊನೆ, ತೆಂಗಿನಕಾಯಿ ಇವುಗಳ ಅಚ್ಚನ್ನು ಮಾತ್ರ ತರಿಸಿದೆನು. ಮಾರಾಟ ಅರ್ಧಕ್ಕೆ ಇಳಿಯಿತು. ಮೂವತ್ತು ವರ್ಷದ ಗಿರಾಕಿಯಾದ ಮುದುಕಿಯೊಬ್ಬರು, “ಕುದರಿ ಇಲ್ಲದ ಆರತಿ ಎಂಥಾದ್ರೀ ಸಾವಕಾರ್ರ?” ಎಂದು ನೊಂದುಕೊಂಡು ಬೇರೆ ಅಂಗಡಿಗೆ ಹೋದರು. ಅವರಿಗೆ ಹೇಳಬಹುದಾದ ಸಮಾಧಾನ ನನ್ನಲ್ಲಿರಲಿಲ್ಲ. ಊರಿನಲ್ಲಿ ಸಕ್ಕರೆಯ ಕುದುರೆಗಳ ಸಂಖ್ಯೆ ಕಡಿಮೆಯಾಗಿರಲಾರದು. ನನ್ನ ತಕ್ಕಡಿಯಿಂದ ಅವು ಇಳಿದವು, ಇಷ್ಟೇ.

ನಮ್ಮ ಜಿಲ್ಲೆಯ ಕೊಪ್ಪಳ ಕವಿರಾಜಮಾರ್ಗದಲ್ಲಿ ಹೆಸರಿಸಲ್ಪಟ್ಟ ಪ್ರಾಚೀನ ಕೊಪಣ; ಆಹಾರವನ್ನೇ ತ್ಯಜಿಸಿ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳಿರುವ ಮಹಾತೀರ್ಥ. ಅಷ್ಟು ದೊಡ್ಡ ತ್ಯಾಗ ನಮ್ಮಿಂದಾಗದಿರಬಹುದು. ತಟ್ಟೆಗೆ ಬಂದುದನ್ನು ವಿಚಾರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಕೈಯಿಂದ ಮಾರಿದುದನ್ನು ವಿಚಾರಿಸುವ ಅಭ್ಯಾಸ ಅಷ್ಟಿಲ್ಲ. ಪಂಚಕಲ್ಯಾಣಗಳಿಗೆ ಮಿಠಾಯಿ ತರಿಸುವ ಟ್ರಸ್ಟುಗಳ ಹಿರಿಯರೂ ಬಣ್ಣ, ಬೆಳ್ಳಿಯ ವರಖು, ಆಕಾರಗಳನ್ನು ಕುರಿತು ಒಂದು ಮಾತು ಕೇಳುವುದು ಒಳ್ಳೆಯದು. ಪ್ರಾಣಿಜನ್ಯ ವಸ್ತುವಿನ ನೆರವಿನಿಂದ ವರಖು ತಯಾರಿಸಬಾರದೆಂದು 2016ರಲ್ಲಿ ಸರ್ಕಾರವೇ ನಿಯಮ ಮಾಡಿದೆ.

ಕೊಕ್ಕು ಬರೆದು ಕಣ್ಣಿಡದೆ ಬಿಟ್ಟ ಆ ಹಳದಿ ಬಿಲ್ಲೆಯನ್ನು ಮೊಮ್ಮಗಳು ಎಸೆಯಲಿಲ್ಲ. ಕೊಕ್ಕಿನ ಸುತ್ತ ದಾಳಿಂಬೆಯ ರಸದಿಂದ ಎಸಳುಗಳನ್ನು ಬರೆದು ಅದನ್ನು ಹೂವಾಗಿಸಿದಳು. ಮೊದಲ ಬಿಲ್ಲೆ ಅದೇ ನನ್ನ ತಟ್ಟೆಗೆ ಬಂದಿತು.