ಹೆತ್ತೂರಿನ ಮನೆಗೆ ಗಾಜೋ, ಹಂಚೋ?

ಸಕಲೇಶಪುರದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಕಾಫಿ ತೋಟಗಳ ನಡುವೆ ಏರುತ್ತ ಇಳಿಯುತ್ತ ಹೆತ್ತೂರು ತಲುಪುತ್ತದೆ. ಅಲ್ಲಿಂದ ಮುಂದಿನ ರಸ್ತೆ ಬಿಸಿಲೆ ಘಾಟಿಯನ್ನಿಳಿದು ಕುಕ್ಕೆ ಸುಬ್ರಹ್ಮಣ್ಯದತ್ತ ಸಾಗುತ್ತದೆ. ಆ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ಏಣಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋದರೆ, ಇನ್ನೊಂದು ಮಗ್ಗುಲಿನ ಮಳೆ ಹೇಮಾವತಿ, ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಬಿಸಿಲೆಯ ಹೆಸರಿನಲ್ಲಿ ಬಿಸಿಲಿದ್ದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಗೆ ಬಿಸಿಲು ಅಪರೂಪದ ನೆಂಟ.

ಇಲ್ಲಿನ ಮನೆಗಳನ್ನು ಕಟ್ಟಿಸಿದ್ದು ಮಳೆಯೇ ಎನ್ನಬೇಕು. ಇಳಿಜಾರಾದ ಮಾಡು, ತಗ್ಗಿದ ಸೂರು, ಮುಂದೆ ಜಗಲಿ. ಗಾಳಿಮಳೆ ಬಡಿಯುವ ಕಡೆಗೆ ಮಳೆಗಾಲದಲ್ಲಿ ತಡಿಕೆ ಕಟ್ಟುವುದೂ ಉಂಟು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಹುಲ್ಲು ಹೊದಿಸುತ್ತಿದ್ದ ಮಲೆನಾಡಿನ ಮಾಡುಗಳು ನಿಧಾನವಾಗಿ ಕೆಂಪಾದವು. ಮಳೆಗೆ ಹೇಳಿ ಮಾಡಿಸಿದ ಈ ಮನೆಗಳಿಗೆ ಒಂದೇ ಕೊರತೆ: ಒಳಗೆ ಬೆಳಕು ಸಾಲದು.

ಹೆತ್ತೂರಿನ ಆಸುಪಾಸಿನ ಒಬ್ಬ ಸಣ್ಣ ಬೆಳೆಗಾರರ ಮನೆಯಲ್ಲಿ ಈ ಕೊರತೆ ದೊಡ್ಡ ಪ್ರಶ್ನೆಯೇ ಆಯಿತು. ಮೂರಂಕಣದ ಮನೆ. ಮಗಳು ವಿಜ್ಞಾನ ತೆಗೆದುಕೊಂಡು ಪಿಯುಸಿಗೆ ಸೇರಿದ್ದಳು. ಅವಳಿಗೆ ಕುಳಿತು ಓದಲು ಸ್ಥಳವಿಲ್ಲ. ಮಂಡಿನೋವಿನ ಅಜ್ಜಿಗೆ ಚಳಿಗಾಲದಲ್ಲಿ ಬಿಸಿಲು ಕಾಯಿಸಲು ಅಂಗಳಕ್ಕಿಳಿಯುವುದೇ ಕಷ್ಟ. ಒಂದು ವರ್ಷದ ಮೆಣಸಿನ ಹಣ ಕೈಯಲ್ಲಿತ್ತು. ಅದನ್ನು ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ತಪ್ಪಿದರೆ ತಿದ್ದಲು ಇನ್ನೊಂದು ಗಂಟಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಮೊಬೈಲಿನಲ್ಲಿ ಚಿತ್ರಗಳನ್ನು ಕಳಿಸಿದ. ಇಂಗ್ಲೆಂಡಿನ ಮನೆಗಳ ಪಕ್ಕದಲ್ಲಿ ಗೋಡೆಯೂ ಮಾಡೂ ಗಾಜಿನದೇ ಆದ ಕೋಣೆ. ಅದಕ್ಕೆ ಕನ್ಸರ್ವೇಟರಿ ಎಂದು ಹೆಸರು. “ಅಪ್ಪಾ, ಒಂದೇ ಸಲ ಖರ್ಚು. ಅಜ್ಜಿಗೆ ಬಿಸಿಲು, ತಂಗಿಗೆ ಬೆಳಕು, ಮೆಣಸೂ ಒಣಗುತ್ತೆ” ಎಂದು ಆತನ ವಾದ. ಅಪ್ಪನಿಗೆ ಮಾತ್ರ ಹಂಚಿನ ಕೆಳಗೆ ಇನ್ನೊಂದು ಕೋಣೆ ತೆಗೆಯುವುದೇ ಸರಿ ಎನಿಸುತ್ತಿತ್ತು.

ಗಾಜಿನ ಕೋಣೆ ಹುಟ್ಟಿದ್ದು ಬಿಸಿಲಿಗೆ ಬರವಿರುವ ದೇಶಗಳಲ್ಲಿ, ಚಳಿಗೆ ಸಾಯುವ ಗಿಡಗಳನ್ನು ಉಳಿಸಿಕೊಳ್ಳಲು. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಅದರಿಂದ ಸ್ಫೂರ್ತಿ ಪಡೆದ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ಲಂಡನ್ನಿನ ಸೂರ್ಯನೇ ಬೇರೆ, ಹೆತ್ತೂರಿನ ಸೂರ್ಯನೇ ಬೇರೆ! ಡಿಸೆಂಬರ್ 22ರ ಮಧ್ಯಾಹ್ನ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಮೇಲೇರುವುದು ಸುಮಾರು 15 ಡಿಗ್ರಿ ಮಾತ್ರ. ಹೆತ್ತೂರಿನಲ್ಲಿ ಸುಮಾರು 54 ಡಿಗ್ರಿ. ಏಪ್ರಿಲ್ ಕೊನೆಯ ವಾರ ಇಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಗಾಜಿನ ಮಾಡಿನ ಮೂಲಕ ಒಳಬಂದ ಬೆಳಕು ನೆಲವನ್ನೂ ಮೇಜನ್ನೂ ಕಾಯಿಸುತ್ತದೆ. ಕಾದ ವಸ್ತುಗಳು ಸೂಸುವ ಅವಕೆಂಪು ಕಿರಣಗಳನ್ನು ಗಾಜು ಸುಲಭವಾಗಿ ಹೊರಬಿಡದು, ಬಿಸಿಗಾಳಿಗೂ ದಾರಿಯಿಲ್ಲ. ಪರೀಕ್ಷೆ ಬರುವುದು ಮಾರ್ಚಿನಲ್ಲಿ, ಕೋಣೆ ಒಲೆಯಾಗುವುದೂ ಮಾರ್ಚಿನಲ್ಲಿಯೇ.

ಹಾಗಾದರೆ ಮಳೆಗಾಲದಲ್ಲಿ? ಒಂಬತ್ತಿಂಚಿನ ಇಟ್ಟಿಗೆ ಗೋಡೆಗಿಂತ ಒಂಟಿ ಗಾಜಿನ ಮೂಲಕ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಸೋರಿಹೋಗುತ್ತದೆ. ಪುಷ್ಯ, ಆಶ್ಲೇಷ ಮಳೆಯ ರಾತ್ರಿಗಳಲ್ಲಿ ಗಾಜು ತಣ್ಣಗಾದಾಗ, ಒಳಗಿನ ತೇವದ ಗಾಳಿ ಅದಕ್ಕೆ ತಗುಲಿ ಹನಿಗಟ್ಟುತ್ತದೆ. ಲೋಟದಲ್ಲಿ ತಣ್ಣೀರು ಸುರಿದರೆ ಹೊರಮೈ ಬೆವರುವ ಹಾಗೆ. ಮೆಣಸನ್ನೂ ಅಲ್ಲೇ ಹರಡಿದರೆ ಅದು ಬಿಡುವ ನೀರಿನಾವಿಯೂ ಸೇರಿ ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ. ಸಿಲ್ವರ್ ಓಕ್ ಮರದಿಂದ ಬೀಳುವ ರೆಂಬೆ, ಮಾಡಿನ ಮೇಲೆ ಕುಣಿಯುವ ಮಂಗಗಳು ಬೇರೆ. ಕಾಡಾನೆಗಳು ತಿರುಗಾಡುವ ಈ ಸೀಮೆಯಲ್ಲಿ ರಾತ್ರಿ ಹೊತ್ತು ಮಗಳು ಗಾಜಿನ ಕೋಣೆಯಲ್ಲಿ ಒಬ್ಬಳೇ ಕುಳಿತು ಓದುವುದನ್ನು ಅವ್ವ ಒಪ್ಪಲೇ ಇಲ್ಲ.

ಅಪ್ಪನ ಯೋಜನೆಯಲ್ಲೂ ತೊಡಕಿತ್ತು. ಜಗಲಿಯ ಮುಂದಕ್ಕೆ ಎಂಟಡಿ ಮಾಡು ಇಳಿಸಿ ಕೋಣೆ ಮಾಡುವುದೆಂದು ಅವರ ಲೆಕ್ಕ. ಮಗಳು ನೋಟ್‌ಬುಕ್ ತೆಗೆದಳು. ಮಾಡಿನ ಇಳಿಜಾರು 30 ಡಿಗ್ರಿ. ಅದರ ಟ್ಯಾಂಜೆಂಟ್ 0.577. ಎಂಟಡಿ ಮುಂದೆ ಹೋದರೆ ಮಾಡು ನಾಲ್ಕೂವರೆ ಅಡಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಈಗ ಒಂಬತ್ತಡಿ ಎತ್ತರದಲ್ಲಿರುವ ಸೂರು ಆಗ ನಾಲ್ಕೂವರೆ ಅಡಿಯೂ ಉಳಿಯದು. “ಅಪ್ಪಾ, ನಾನು ಪುಸ್ತಕ ಹಿಡ್ಕೊಂಡು ಬಗ್ಗಿಕೊಂಡೇ ಒಳಗೆ ಹೋಗ್ಬೇಕಾಗುತ್ತೆ!” ಎಂದಳು. ಇಳಿಜಾರನ್ನು ಕಡಿಮೆ ಮಾಡಿದರೆ ತಲೆ ತಾಗದು, ನಿಜ. ಆದರೆ ಗಾಳಿ ತಳ್ಳಿದ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಏರಿ ಒಳಗೆ ಸೋರುತ್ತದೆ.

ಗಂಟು ಬಿಡಿಸಿದವರು ಮಾಡಿನ ಕೆಲಸಕ್ಕೆಂದು ಕರೆಸಿದ್ದ ಆಚಾರಿ. “ಗೌಡ್ರೇ, ಮುಂದಕ್ಕೆ ಬೇಡಿ, ಉದ್ದಕ್ಕೆ ಹೋಗಿ. ಒಂದು ಅಂಕಣ ಸೇರಿಸಿ” ಎಂದರು. ಮಲೆನಾಡಿನ ಮನೆ ಬೆಳೆಯುತ್ತ ಬಂದದ್ದೇ ಹಾಗೆ. ಮಾಡಿನ ನೆತ್ತಿಯ ತೊಲೆ ಉದ್ದವಾದರೆ ಎತ್ತರ ತಗ್ಗುವುದಿಲ್ಲ, ಇಳಿಜಾರು ಬದಲಾಗುವುದಿಲ್ಲ. ಮನೆಯ ಮುಖ ಪೂರ್ವಕ್ಕೆ, ನೆತ್ತಿ ಉತ್ತರ ದಕ್ಷಿಣವಾಗಿ. ಹೊಸ ಅಂಕಣ ದಕ್ಷಿಣದ ತುದಿಗೆ ಬಂತು.

ಬೆಳಕಿನ ಮಾತಿಗೆ ಬಂದಾಗ ಮಗನ ಗಾಜನ್ನೂ ಪೂರ್ತಿ ತಳ್ಳಿಹಾಕಲಿಲ್ಲ. ದಟ್ಟ ಮೋಡ ಕವಿದ ದಿನ ಆಕಾಶ ಎಲ್ಲೆಡೆ ಒಂದೇ ಸಮನೆ ಬೆಳಗುವುದಿಲ್ಲ. ದಿಗಂತದ ಬಳಿಗಿಂತ ನಡುನೆತ್ತಿಯಲ್ಲಿ ಸುಮಾರು ಮೂರು ಪಟ್ಟು ಪ್ರಕಾಶ. ಆದ್ದರಿಂದ ಮಳೆಗಾಲದಲ್ಲಿ ದೊಡ್ಡ ಕಿಟಕಿಗಿಂತ ಮಾಡಿನಲ್ಲಿ ಕೂರಿಸಿದ ನಾಲ್ಕು ಗಾಜಿನ ಹಂಚುಗಳು ಹೆಚ್ಚು ಉಪಕಾರಿ. ಮಾಡಿಗೆಲ್ಲ ಗಾಜು ಹೊದಿಸಿದರೆ ಸೆಕೆ. ನಾಲ್ಕೇ ಹಂಚಾದರೆ ಬೆಳಕು.

ದಕ್ಷಿಣದ ಗೋಡೆಗೆ ನಾಲ್ಕೂವರೆ ಅಡಿ ಎತ್ತರದ ಗಾಜಿನ ಕಿಟಕಿ, ಅದರ ಮೇಲೆ ಎರಡಡಿ ಚಾಚಿದ ಸಜ್ಜಾ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಡಿಸೆಂಬರ್ 22ರ ಮಧ್ಯಾಹ್ನ ಸಜ್ಜಾದ ನೆರಳು ಎರಡೂ ಮುಕ್ಕಾಲು ಅಡಿ ಇಳಿಯುತ್ತದೆ. ಉಳಿದ ಒಂದೂ ಮುಕ್ಕಾಲು ಅಡಿಯಲ್ಲಿ ಬಿಸಿಲು ಒಳಬರುತ್ತದೆ. ಮಾರ್ಚ್ 21ಕ್ಕೆ ಸೂರ್ಯ 77 ಡಿಗ್ರಿ ಏರಿರುವುದರಿಂದ ಅದೇ ನೆರಳು ಇಡೀ ಕಿಟಕಿಯನ್ನು ಮುಚ್ಚುತ್ತದೆ. ಚಳಿಗೆ ಬಿಸಿಲು, ಬೇಸಿಗೆಗೆ ನೆರಳು! ಮಳೆ ಜೋರಾಗಿ ಬಡಿಯುವ ಪಶ್ಚಿಮದ ಗೋಡೆಗೆ ಕಿಟಕಿಯನ್ನೇ ಇಡಲಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಮೊದಲ ಮಳೆಗೇ ಒಂದು ಗಾಜಿನ ಹಂಚಿನ ಅಂಚಿನಿಂದ ನೀರು ತೊಟ್ಟಿಕ್ಕಿತು. ಆಚಾರಿ ಮತ್ತೆ ಬಂದು ರೀಪು ಸರಿಪಡಿಸಿ ಕೂರಿಸಬೇಕಾಯಿತು. ಮೆಣಸು ಒಣಗುವುದು ಈಗಲೂ ಕಣದಲ್ಲಿಯೇ. ಗಾಜಿನ ಕೋಣೆ ಸಿಗಲಿಲ್ಲವೆಂದು ಮಗನಿಗೆ ತುಸು ಬೇಸರವೂ ಇತ್ತು. ಜುಲೈ ತಿಂಗಳಲ್ಲಿ ರಜೆಗೆ ಬಂದಾಗ ಗಾಳಿಮಳೆಗೆ ಕರೆಂಟು ಹೋಗಿತ್ತು. ಮಧ್ಯಾಹ್ನ ಮೂರು ಗಂಟೆ, ಉಳಿದ ಕೋಣೆಗಳಲ್ಲಿ ಕತ್ತಲು. ಹೊಸ ಅಂಕಣದಲ್ಲಿ ತಂಗಿ ದೀಪವಿಲ್ಲದೆ ಓದುತ್ತಿದ್ದಳು. ಅಜ್ಜಿ ಆಗಲೇ ಕಿಟಕಿಯ ಬಳಿ ತನ್ನ ಮಂಚ ಹಾಕಿಸಿಕೊಂಡು, ಡಿಸೆಂಬರ್‌ ಬರಲಿ ಎಂದು ಕಾಯುತ್ತಿದ್ದರು.